ಸನ್ನಿಸೈಡ್ ಮನೆಯ ಮೂವರು ಗಂಡುಮಕ್ಕಳು

ಭಾರತದ ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಜನರಲ್ ತಿಮ್ಮಯ್ಯನವರ ಮಾತು ಬಂದರೆ ನಮ್ಮ ಕಡೆ ಎರಡು ಸಂಗತಿ ತಪ್ಪದೆ ಬರುತ್ತವೆ. ಒಂದು, 1948ರಲ್ಲಿ ಕಾಶ್ಮೀರದ ಜೋಜಿಲಾ ಘಾಟಿಗೆ ಟ್ಯಾಂಕ್ ಹತ್ತಿಸಿದ್ದು. ಇನ್ನೊಂದು, 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಮನಸ್ತಾಪವಾಗಿ ರಾಜೀನಾಮೆ ಬರೆದು ಕೊಟ್ಟಿದ್ದು. ಎರಡೂ ದೊಡ್ಡ ಸಂಗತಿಗಳೇ. ಆದರೆ ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಅವೆರಡೂ ಅಲ್ಲ. ಅವರ ಅಣ್ಣ.

ಆ ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಮೂವರೂ ಸೇನೆಯಲ್ಲಿ ಅಧಿಕಾರಿಗಳು. ದೊಡ್ಡವರು ಪೊನ್ನಪ್ಪ, ನಡುವಿನವರು ತಿಮ್ಮಯ್ಯ, ಕಿರಿಯವರು ಸೋಮಯ್ಯ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ನಡುವಿನವರ ಎದೆಯ ಮೇಲೆ ಬ್ರಿಟಿಷರು ಯುದ್ಧದ ಸಾಧನೆಗೆ ಕೊಡುವ ಡಿಎಸ್‌ಒ ಪದಕವಿತ್ತು. ದೊಡ್ಡವರು ಬ್ರಿಟಿಷರ ವಿರುದ್ಧ ಹೋರಾಡಿದ ಸುಭಾಷ್‌ಚಂದ್ರ ಬೋಸರ ಸೇನೆ ಐಎನ್‌ಎ ಸೇರಿದ್ದರು. ಆಮೇಲೆ ಬಂದ ಕಾಶ್ಮೀರದ ಯುದ್ಧದಲ್ಲಿ ಕಿರಿಯವರು ನೆಲಬಾಂಬು ಸಿಡಿದು ತೀರಿಕೊಂಡರು. ಒಂದೇ ತಾಯಿಯ ಮಕ್ಕಳು. ಹತ್ತು ವರ್ಷದೊಳಗೆ ಇಷ್ಟೆಲ್ಲ ನಡೆದುಹೋಯಿತು.

ಆ ತಾಯಿಯಿಂದಲೇ ಶುರು ಮಾಡುತ್ತೇನೆ. ತವರಿನಲ್ಲಿ ಅವರು ಚೆಪ್ಪುಡಿರ ಚಿಟ್ಟವ್ವ. ಕೊಡಂದೇರ ಒಕ್ಕಕ್ಕೆ (ಒಕ್ಕ ಅಂದರೆ ಕೊಡವರ ಮನೆತನ) ಮದುವೆಯಾಗಿ ಬಂದ ಮೇಲೆ ಸೀತಮ್ಮ. ಆ ಕಾಲಕ್ಕೆ ಚೆನ್ನಾಗಿ ಓದಿದ್ದ ಹೆಂಗಸು. ಊರಿನ ಜನರಿಗಾಗಿ ಮಾಡಿದ ಕೆಲಸಕ್ಕೆ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತ್ತು. ಪದಕದ ಮನೆ ಅಂದರೆ ಎಲ್ಲರೂ ಜನರಲ್ ಸಾಹೇಬರ ಪದಕಗಳನ್ನೇ ಎಣಿಸುತ್ತಾರೆ. ಆ ಮನೆಯಲ್ಲಿ ಪದಕ ಪಡೆದ ಅಮ್ಮನೂ ಇದ್ದರು ಅನ್ನುವುದು ಮರೆತೇಹೋಗುತ್ತದೆ. ತಂದೆ ಸುಬ್ಬಯ್ಯ ಕಾಫಿ ತೋಟದ ಮಾಲೀಕರು, ಅನುಕೂಲಸ್ಥರು. ಮಡಿಕೇರಿಯಲ್ಲಿ ಸನ್ನಿಸೈಡ್ ಅನ್ನುವ ಮನೆ. ಮೂರು ಗಂಡು, ಮೂರು ಹೆಣ್ಣು. ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ 31ರಂದು.

ಕೊಡವರ ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಸತ್ತರೆ ಎರಡು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಹೀಗಾಗಿ ಹೊರಗಿನವರಿಗೆ, ಕೊಡಗಿನ ಹುಡುಗರು ಮಿಲಿಟರಿಗೆ ಹೋಗುವುದು ಬಹಳ ಸಹಜ ಅನ್ನಿಸುತ್ತದೆ. ನನ್ನ ಕೊಡವ ಗೆಳೆಯನಿಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. "ಕೋವಿ ಪೂಜೆ ಮಾಡೋದು ಬೇರೆ, ಯಾರ ಪರವಾಗಿ ಕೋವಿ ಹಿಡೀಬೇಕು ಅನ್ನೋದು ಬೇರೆ ಮಾರಾಯ" ಅನ್ನುತ್ತಾನೆ. ಅವನು ಹೇಳುವುದು ಸರಿ ಇದೆ. ಸನ್ನಿಸೈಡ್‌ನ ಹುಡುಗರು ಬೆಳೆದ ಕಾಲದಲ್ಲಿ ಆ ಎರಡನೆಯ ಪ್ರಶ್ನೆ ಸುಲಭದ್ದಾಗಿರಲಿಲ್ಲ.

ತಿಮ್ಮಯ್ಯ ಎಂಟು ವರ್ಷದವರಿದ್ದಾಗಲೇ ಕೂನೂರಿನ ಬೋರ್ಡಿಂಗ್ ಶಾಲೆಗೆ ಹೋದರು. ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್, ಅಲ್ಲಿಂದ ಡೆಹರಾಡೂನಿನ ಮಿಲಿಟರಿ ಕಾಲೇಜು, ಕೊನೆಗೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಆಗ ಇಡೀ ಇಂಡಿಯಾದಿಂದ ವರ್ಷಕ್ಕೆ ಹತ್ತೇ ಹುಡುಗರಿಗೆ ಅಲ್ಲಿ ಜಾಗ. 1926ರ ಫೆಬ್ರವರಿಯಲ್ಲಿ ಅಧಿಕಾರಿಯಾಗಿ ಹೊರಬಂದರು. ಮೊದಲು ಸ್ಕಾಟ್ಲೆಂಡಿನ ಪಟಾಲಮ್ಮೊಂದರ ಜೊತೆ ಇದ್ದರು. ಗೆಳೆಯರಿಗೆಲ್ಲ ಅವರು ಟಿಮ್ಮಿ.

ಆಮೇಲೆ ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್. ಇವತ್ತಿನ ಕುಮಾವೋ ರೆಜಿಮೆಂಟ್ ಅಂದರೆ ಅದೇ. ಇಲ್ಲೊಂದು ಸೂಕ್ಷ್ಮವಿದೆ. ಇಂಡಿಯನ್ ಅಧಿಕಾರಿಗಳನ್ನು ಬ್ರಿಟಿಷರು ಎಲ್ಲ ಪಟಾಲಮ್ಮುಗಳಿಗೂ ಕಳಿಸುತ್ತಿರಲಿಲ್ಲ. ಎಂಟು ಘಟಕಗಳನ್ನು ಆರಿಸಿ, ಅಷ್ಟಕ್ಕೆ ಮಾತ್ರ ಹಾಕುತ್ತಿದ್ದರು. ಬಿಳಿ ಅಧಿಕಾರಿ ಕರಿಯ ಅಧಿಕಾರಿಯ ಕೈಕೆಳಗೆ ಕೆಲಸ ಮಾಡುವ ಸಂದರ್ಭ ಬಾರದಿರಲಿ ಅನ್ನುವುದು ಅದರ ಹಿಂದಿನ ಲೆಕ್ಕ. ಸಮವಸ್ತ್ರ ಒಂದೇ, ಪಂಕ್ತಿ ಬೇರೆ. ಅಂಥ ಎಂಟರಲ್ಲಿ ಇದೂ ಒಂದು.

ಅಲಹಾಬಾದಿನಲ್ಲಿದ್ದಾಗಿನ ಒಂದು ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಸಿನಿಮಾ ಮಂದಿರದಲ್ಲಿ ಹಿರಿಯರೊಬ್ಬರು ಈ ತರುಣನನ್ನು ಕೆಣಕಿದರಂತೆ: ಬ್ರಿಟಿಷರ ಸಮವಸ್ತ್ರ ಹಾಕಿಕೊಂಡರೆ ಹೇಗನಿಸುತ್ತದಪ್ಪಾ? ತಿಮ್ಮಯ್ಯ ಒಂದೇ ಮಾತಿನಲ್ಲಿ ಹೇಳಿದರಂತೆ: ಸೆಕೆ. ಕೆಣಕಿದವರು ಮೋತಿಲಾಲ್ ನೆಹರೂ. ಅಲ್ಲಿಂದ ಪರಿಚಯ ಬೆಳೆಯಿತು. ಮುಂದೆ ಒಂದು ಸಲ, ಕೆಲಸ ಬಿಟ್ಟು ಚಳವಳಿಗೆ ಬರಲೇ ಎಂದು ತಿಮ್ಮಯ್ಯ ಕೇಳಿದಾಗ ಅವರು ಬೇಡ ಅಂದರಂತೆ. ಸ್ವಾತಂತ್ರ್ಯ ಹೇಗೂ ಬರುತ್ತದೆ, ಬಂದ ಮೇಲೆ ಸೇನೆ ನಡೆಸಲು ಕಲಿತವರು ಬೇಕಾಗುತ್ತಾರೆ ಅನ್ನುವುದು ಅವರ ವಾದ. ಈ ಕಥೆಗೆ ಬಾಯಿಂದ ಬಾಯಿಗೆ ಒಂದಿಷ್ಟು ಬಣ್ಣ ಸೇರಿರಬಹುದು. ಆದರೆ ಪ್ರಶ್ನೆ ಮಾತ್ರ ನಿಜವಾದದ್ದು. ಆ ಪೀಳಿಗೆಯ ಪ್ರತಿಯೊಬ್ಬ ಇಂಡಿಯನ್ ಅಧಿಕಾರಿಯೂ ರಾತ್ರಿ ಮಲಗುವಾಗ ಅದನ್ನು ಕೇಳಿಕೊಂಡೇ ಇರುತ್ತಾನೆ.

1935ರ ಜನವರಿಯಲ್ಲಿ ಮದುವೆ. ಹುಡುಗಿ ನೀನಾ ಕಾರ್ಯಪ್ಪ. ಹೆಸರು ನೋಡಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗಳೋ ತಂಗಿಯೋ ಅಂದುಕೊಳ್ಳುವವರು ಜಾಸ್ತಿ. ಅಲ್ಲ. ಫೀಲ್ಡ್ ಮಾರ್ಷಲ್ ಮದುವೆಯಾಗಿದ್ದೇ 1937ರಲ್ಲಿ. ಮೇಲಾಗಿ ಅವರೂ ಕೊಡಂದೇರ ಒಕ್ಕದವರು. ಒಂದೇ ಒಕ್ಕದಲ್ಲಿ ಕೊಡವರು ಹೆಣ್ಣು ತರುವುದಿಲ್ಲ. (ಒಂದೇ ಒಕ್ಕ ಈ ದೇಶಕ್ಕೆ ಇಬ್ಬರು ಸೇನಾ ಮುಖ್ಯಸ್ಥರನ್ನು ಕೊಟ್ಟಿತು ಅನ್ನುವುದನ್ನು ಕೊಡಗಿನವರು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ, ಹೇಳುವಂಥದ್ದೇ.)

ಮದುವೆಯಾಗಿ ಐದು ತಿಂಗಳೂ ಆಗಿರಲಿಲ್ಲ. ಹೊಸ ಜೋಡಿ ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿತ್ತು. ಮೇ 31ರ ಬೆಳಗಿನ ಜಾವ ಭೂಕಂಪಕ್ಕೆ ಊರೇ ಕುಸಿಯಿತು. ಸತ್ತವರ ಲೆಕ್ಕ ಮೂವತ್ತು ಸಾವಿರದಿಂದ ಅರವತ್ತು ಸಾವಿರದವರೆಗೂ ಹೋಗುತ್ತದೆ. ಗಂಡ ಸೈನಿಕರ ಜೊತೆ ಅವಶೇಷ ಬಗೆಯಲು ಹೋದರೆ, ನೀನಾ ಗಾಯಗೊಂಡವರ ಸೇವೆಗೆ ನಿಂತರು. ಸಂಸಾರ ಶುರುವಾಗಿದ್ದು ಹಾಗೆ. ಮರುವರ್ಷ ಮಗಳು ಹುಟ್ಟಿದಳು. ಒಬ್ಬಳೇ ಮಗಳು.

ಈಗ ಸಿಂಗಾಪುರಕ್ಕೆ ಬರೋಣ. ನಾನು ಹೇಳಬೇಕಾದ ಕಥೆ ತಿರುಗುವುದು ಇಲ್ಲೇ.

ಮಹಾಯುದ್ಧ ಶುರುವಾದ ಹೊತ್ತಿನಲ್ಲಿ ತಿಮ್ಮಯ್ಯನವರ ಬೆಟಾಲಿಯನ್ ಸಿಂಗಾಪುರದಲ್ಲಿತ್ತು. ಅಲ್ಲಿ ತಮ್ಮ ಮೇಲಧಿಕಾರಿಯ ಜೊತೆ ಅವರಿಗೆ ಸರಿಬರಲಿಲ್ಲ. ವರ್ಗ ಮಾಡಿ ಎಂದು ಕೇಳಿದರು. 1941ರಲ್ಲಿ ಇಂಡಿಯಾಕ್ಕೆ ಮರಳಿ ಆಗ್ರಾದ ತರಬೇತಿ ಕೇಂದ್ರ ಸೇರಿದರು. ಡಿಸೆಂಬರಿನಲ್ಲಿ ಜಪಾನೀಯರು ಮಲಯಕ್ಕೆ ಇಳಿದರು. 1942ರ ಜನವರಿಯಲ್ಲಿ ಸ್ಲಿಮ್ ನದಿಯ ಹತ್ತಿರ ಅದೇ ಬೆಟಾಲಿಯನ್ ನುಚ್ಚುನೂರಾಯಿತು. ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಸುಮಾರು ನಲವತ್ತು ಸಾವಿರ ಇಂಡಿಯನ್ ಸೈನಿಕರು ಸೆರೆ ಸಿಕ್ಕರು. ಅವರಲ್ಲೇ ಸಾವಿರಾರು ಜನ ಐಎನ್‌ಎ ಸೇರಿದರು. ಸನ್ನಿಸೈಡ್‌ನ ಹಿರಿಯ ಮಗ ಪೊನ್ನಪ್ಪನವರು ಹಿಡಿದದ್ದೂ ಐಎನ್‌ಎಯ ದಾರಿಯನ್ನೇ.

ಒಮ್ಮೆ ಯೋಚನೆ ಮಾಡಿ. ಮೇಲಧಿಕಾರಿಯ ಜೊತೆ ಮನಸ್ತಾಪ ಆಗದೇ ಇದ್ದಿದ್ದರೆ ತಿಮ್ಮಯ್ಯನವರೂ ಆ ಸೋಲಿನಲ್ಲಿ ಇರುತ್ತಿದ್ದರು. ಬದುಕಿ ಉಳಿದಿದ್ದರೆ ಸೆರೆಶಿಬಿರ. ಅಲ್ಲಿ ಅದೇ ಪ್ರಶ್ನೆ ಅವರ ಎದುರಿಗೂ ಬರುತ್ತಿತ್ತು: ನಿನ್ನನ್ನು ಬಿಟ್ಟು ಓಡಿದ ದೊರೆಗೆ ಕೊಟ್ಟ ಮಾತು ದೊಡ್ಡದೋ, ದೇಶ ದೊಡ್ಡದೋ? ಅವರು ಏನು ಹೇಳುತ್ತಿದ್ದರು ಅಂತ ನಾವು ಯಾರೂ ಎದೆ ತಟ್ಟಿ ಹೇಳಲಾರೆವು. ಮುಂದೆ ಭಾರತದ ಸೇನಾ ಮುಖ್ಯಸ್ಥರಾದವರಿಗೂ ಸೇನೆಯಿಂದ ಹೊರಗೇ ಉಳಿದ ಅಣ್ಣನಿಗೂ ನಡುವೆ ಇದ್ದದ್ದು ಒಂದು ವರ್ಗಾವಣೆ. ನಾವು ಆಮೇಲೆ ಕೂತು ಒಬ್ಬರನ್ನು ನಿಷ್ಠಾವಂತ, ಇನ್ನೊಬ್ಬರನ್ನು ಕ್ರಾಂತಿಕಾರಿ ಅಂತ ಹೆಸರಿಟ್ಟು ಬೇರೆ ಬೇರೆ ಕಪಾಟಿನಲ್ಲಿ ಇಡುತ್ತೇವೆ. ನನಗೆ ಅದು ಸರಿ ಕಾಣುವುದಿಲ್ಲ.

ತಮ್ಮನ ಯುದ್ಧ ನಡೆದಿದ್ದು ಬರ್ಮಾದಲ್ಲಿ. ಐಎನ್‌ಎ ಹೋರಾಡಿದ್ದೂ ಅದೇ ಬರ್ಮಾ ರಂಗದಲ್ಲಿ. ಅಣ್ಣ ತಮ್ಮ ಕಾಡಿನ ನಡುವೆ ಬಂದೂಕು ಹಿಡಿದು ಎದುರಾಬದುರಾದರು ಅಂತ ಸಿನಿಮಾದಂತೆ ಹೇಳುವವರಿದ್ದಾರೆ. ಅಷ್ಟೆಲ್ಲ ಉಪ್ಪುಖಾರ ಬೇಕಾಗಿಲ್ಲ. ಎದುರು ಬಂದೂಕಿನ ಹಿಂದೆ ತಮ್ಮ ಮನೆಯವರೇ ಇರಬಹುದು ಅನ್ನುವ ಯೋಚನೆಯೊಂದೇ ಸಾಕಲ್ವಾ?

1945ರ ಜನವರಿಯಲ್ಲಿ ಅರಕಾನ್ ಕರಾವಳಿಯ ಕಾಂಗಾವ್ ಎಂಬಲ್ಲಿ ದೊಡ್ಡ ಕಾಳಗ ನಡೆಯಿತು. ಹಿಂದೆ ಸರಿಯುತ್ತಿದ್ದ ಜಪಾನೀಯರ ದಾರಿ ಕಟ್ಟಬೇಕಿತ್ತು. ಮ್ಯಾಂಗ್ರೋವ್ ಕೆಸರು, ಭತ್ತದ ಗದ್ದೆ, ಅದರಾಚೆ ಗುಡ್ಡಗಳು. ಮೊದಲು ಬ್ರಿಟಿಷ್ ಕಮಾಂಡೋಗಳು ಇಳಿದು ಒಂದು ಗುಡ್ಡವನ್ನು ಹಿಡಿದುಕೊಂಡರು. ಜೊತೆಗೆ ಹೋದದ್ದು 51ನೇ ಬ್ರಿಗೇಡ್. ಅದರ ಮೂರೂ ಬೆಟಾಲಿಯನ್‌ಗಳನ್ನು ನಡೆಸುತ್ತಿದ್ದವರು ಇಂಡಿಯನ್ನರು: ಬಲೂಚ್ ಬೆಟಾಲಿಯನ್ನಿಗೆ ಎಲ್.ಪಿ. ಸೇನ್, ಪಂಜಾಬ್ ಬೆಟಾಲಿಯನ್ನಿಗೆ ಎಸ್.ಪಿ.ಪಿ. ಥೋರಟ್, ಹೈದರಾಬಾದ್ ಬೆಟಾಲಿಯನ್ನಿಗೆ ತಿಮ್ಮಯ್ಯ. ಒಬ್ಬ ಬಂಗಾಳಿ, ಒಬ್ಬ ಮರಾಠ, ಒಬ್ಬ ಕೊಡವ. ಹದಿನೈದು ವರ್ಷದ ಹಿಂದೆ ಇವರ ಕೈಕೆಳಗೆ ಬಿಳಿಯರು ಬರದಂತೆ ನೋಡಿಕೊಳ್ಳುತ್ತಿದ್ದ ಸರ್ಕಾರ ಈಗ ಮೂವರಿಗೂ ಡಿಎಸ್‌ಒ ಕೊಟ್ಟಿತು. ಸ್ವಲ್ಪ ದಿನದಲ್ಲೇ ತಿಮ್ಮಯ್ಯ ಬ್ರಿಗೇಡಿಯರ್ ಆದರು. ಆ ಮಹಾಯುದ್ಧದಲ್ಲಿ ರಣರಂಗದಲ್ಲೇ ಬ್ರಿಗೇಡ್ ಒಂದನ್ನು ನಡೆಸಿದ ಒಬ್ಬನೇ ಇಂಡಿಯನ್ ಅವರು. ಯುದ್ಧ ಮುಗಿದ ಮೇಲೆ ಜಪಾನನ್ನು ಕಾಯಲು ಹೋದ ಪಡೆಯಲ್ಲೂ ಅವರದೊಂದು ಬ್ರಿಗೇಡ್ ಇತ್ತು.

ಅಣ್ಣನಿಗೆ ಬಂದದ್ದು ಬೇರೆ ಕಾಲ. ಸೆರೆ ಸಿಕ್ಕ ಐಎನ್‌ಎ ಅಧಿಕಾರಿಗಳ ಮೇಲೆ ಬ್ರಿಟಿಷರು ದೆಹಲಿಯ ಕೆಂಪುಕೋಟೆಯಲ್ಲಿ ವಿಚಾರಣೆ ನಡೆಸಿದಾಗ ಇಡೀ ದೇಶ ಐಎನ್‌ಎಯವರನ್ನು ತಲೆಮೇಲೆ ಹೊತ್ತುಕೊಂಡಿತು. ಆದರೆ ಸ್ವಾತಂತ್ರ್ಯ ಬಂದ ಮೇಲೆ ಸೇನೆ ಅವರನ್ನು ಮತ್ತೆ ಒಳಗೆ ಕರೆದುಕೊಳ್ಳಲಿಲ್ಲ. ಶಿಸ್ತು ಕೆಡುತ್ತದೆ ಎಂದು ಸೇನೆಯೊಳಗಿನ ಹಿರಿಯರೇ ಹೇಳಿದರು. ಅವರ ವಾದಕ್ಕೆ ಅದರದೇ ತೂಕವಿದೆ. ಆದರೂ ಒಂದು ಮನೆಯ ಜಗಲಿಯಲ್ಲಿ ಕೂತು ನೋಡಿದರೆ ಹೇಗೆ ಕಾಣುತ್ತದೆ? ಇಂಗ್ಲಿಷರ ಪರ ಹೋರಾಡಿದ ಮಗ ಸ್ವತಂತ್ರ ಭಾರತದಲ್ಲಿ ಮೇಜರ್ ಜನರಲ್. ಅವರ ವಿರುದ್ಧ ನಿಂತ ಮಗನಿಗೆ ಸ್ವತಂತ್ರ ಭಾರತದ ಸೇನೆಯಲ್ಲಿ ಜಾಗವಿಲ್ಲ.

ದೇಶ ಒಡೆದಾಗ ತಿಮ್ಮಯ್ಯ ಪಂಜಾಬಿನ ಗಡಿಯಲ್ಲಿದ್ದರು. ಆ ದಿನಗಳ ಬಗ್ಗೆ ಎಷ್ಟು ಬರೆದರೂ ಮುಗಿಯದು, ಇಲ್ಲಿ ಬಿಡುತ್ತೇನೆ. 1948ರಲ್ಲಿ ಕಾಶ್ಮೀರ ಕಣಿವೆಯ ಡಿವಿಷನ್ ಅವರ ಕೈಗೆ ಬಂತು. ಲೇಹ್ ಪಟ್ಟಣ ಶತ್ರುಗಳ ಕೈಗೆ ಹೋಗುವ ಅಂಚಿನಲ್ಲಿತ್ತು. ರಸ್ತೆಯಿಲ್ಲ. ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಎಂಜಿನಿಯರ್ ಸೋನಂ ನೊರ್ಬು ಊರವರನ್ನು ಸೇರಿಸಿ ಮರಳಿನ ಮೇಲೆ ಒಂದು ಪಟ್ಟಿ ಸಮ ಮಾಡಿದ್ದರು. ಮೇ 24ರಂದು ವಾಯುಸೇನೆಯ ಮೆಹರ್ ಸಿಂಗ್ ಅಲ್ಲಿ ಡಕೋಟಾ ವಿಮಾನ ಇಳಿಸಿದರು. ಅದುವರೆಗೆ ಯಾರೂ ಇಳಿಸಿರಲಿಲ್ಲ. ಆ ವಿಮಾನದಲ್ಲಿ ತಿಮ್ಮಯ್ಯನವರೂ ಇದ್ದರು. ಡಿವಿಷನ್ ಕಮಾಂಡರ್ ಅಂಥದರಲ್ಲಿ ಕೂರಬೇಕಾಗಿರಲಿಲ್ಲ. ಕೂತರು. ಮನುಷ್ಯ ಎಂಥವರು ಅಂತ ಗೊತ್ತಾಗುವುದು ಇಂಥ ಕಡೆ.

ನವೆಂಬರ್ 1ರಂದು ಜೋಜಿಲಾ. ಶ್ರೀನಗರದಿಂದ ಲಡಾಖಿಗೆ ಹೋಗುವ ಘಾಟಿ ಅದು. ಎತ್ತರ ಹನ್ನೊಂದೂವರೆ ಸಾವಿರ ಅಡಿ. ಮೇಲಿನ ಗುಡ್ಡಗಳಲ್ಲಿ ಕೂತಿದ್ದ ಶತ್ರುಗಳನ್ನು ಕಾಲಾಳುಗಳಿಂದ ಎಬ್ಬಿಸಲಾಗಿರಲಿಲ್ಲ. 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಮೇಲಿನ ಗೋಪುರ ಬಿಚ್ಚಿ, ಮುಚ್ಚಿಕೊಂಡು, ಗುಟ್ಟಾಗಿ ಜಮ್ಮುವಿನಿಂದ ತಂದರು. ಬಾಲ್ಟಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಯ ಹಾದಿ. ಅದನ್ನು ಟ್ಯಾಂಕು ಹತ್ತುವ ದಾರಿ ಮಾಡಿದವರು ಸೇನೆಯ ಎಂಜಿನಿಯರ್ ಪಡೆ ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಎಂಇಜಿ ಸೆಂಟರ್ ಗೊತ್ತಲ್ಲ, ಆ ಪಡೆಯವರೇ. ಹಿಮ ಬೀಳುವ ಹೊತ್ತಿನಲ್ಲಿ ಟ್ಯಾಂಕುಗಳು ಘಾಟಿ ದಾಟಿದವು. ಮುಂದಿನ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯ. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬಂದೀತು ಎಂದು ಎದುರಿನವರು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ತಮ್ಮ ಸೋಮಯ್ಯ ಹೋದದ್ದೂ ಇದೇ ಜಮ್ಮು ಕಾಶ್ಮೀರದ ಯುದ್ಧದಲ್ಲಿ. ಜೋಜಿಲಾದ ಗೆಲುವನ್ನು ನಾವು ಒಂದು ಪುಟದಲ್ಲಿ ಓದುತ್ತೇವೆ, ಸೋಮಯ್ಯನವರ ಸಾವನ್ನು ಒಂದು ಸಾಲಿನಲ್ಲಿ. ಮನೆಯಲ್ಲಿ ಮಾತ್ರ ಆ ಸಾಲೇ ದೊಡ್ಡದಾಗಿರುತ್ತದೆ.

ಕೊರಿಯಾದ ಕಥೆಯನ್ನು ನಮ್ಮವರು ಹೆಚ್ಚು ಹೇಳುವುದಿಲ್ಲ. ನನಗೆ ಮಾತ್ರ ಅವರ ಬದುಕಿನ ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಅನ್ನಿಸುತ್ತದೆ. 1953ರ ಜುಲೈನಲ್ಲಿ ಕೊರಿಯಾ ಯುದ್ಧ ನಿಂತಿತು. ಸೆರೆಯಾಳುಗಳನ್ನು ಊರಿಗೆ ಕಳಿಸಬೇಕು. ಆದರೆ ಅಮೆರಿಕದ ಕಡೆಯವರ ವಶದಲ್ಲಿದ್ದ 22 ಸಾವಿರಕ್ಕೂ ಜಾಸ್ತಿ ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರು ನಾವು ವಾಪಸ್ ಹೋಗುವುದಿಲ್ಲ ಅಂದರು. ಕಮ್ಯುನಿಸ್ಟರ ಕೈಯಲ್ಲಿದ್ದ ಮುನ್ನೂರೈವತ್ತಕ್ಕೂ ಹೆಚ್ಚು ಜನರೂ ಹಾಗೇ ಅಂದರು. ಇವರು ಮನಸ್ಸಿನಿಂದ ಹೇಳುತ್ತಿದ್ದಾರೋ, ಹೆದರಿ ಹೇಳುತ್ತಿದ್ದಾರೋ? ಅದನ್ನು ಪರೀಕ್ಷಿಸಲು ಐದು ದೇಶಗಳ ಆಯೋಗ ಮಾಡಿದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆಗೆ ಎಳೆದರೆ ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಗೆ. ನಡುವೆ ಭಾರತ. ಅಧ್ಯಕ್ಷ ತಿಮ್ಮಯ್ಯ. ಕಾವಲಿಗೆ ಹೋದ ಭಾರತೀಯ ಪಡೆಯ ಮುಖ್ಯಸ್ಥರು ಕಾಂಗಾವ್‌ನ ಹಳೆಯ ಜೊತೆಗಾರ ಥೋರಟ್.

ಶಿಬಿರದೊಳಗೆ ಎರಡೂ ಪಕ್ಷದ ಗುಂಪುಗಳಿದ್ದವು. ಮನಸ್ಸು ಬದಲಿಸಿದವನನ್ನು ಒಳಗೇ ಹೊಡೆದು ಸಾಯಿಸುತ್ತಿದ್ದರು. ವಿಚಾರಣೆಗೆ ಬರುವುದಿಲ್ಲ ಎಂದು ಕೈದಿಗಳು ಗಲಾಟೆ ಮಾಡುತ್ತಿದ್ದರು. ಬಲ ಪ್ರಯೋಗಿಸಿದರೆ ನೂರಾರು ಹೆಣ ಬೀಳುತ್ತಿತ್ತು, ಬಿಟ್ಟರೆ ಪಕ್ಷಪಾತ ಅನ್ನುವ ಆರೋಪ. ದಿನ ಬೆಳಗಾದರೆ ಎರಡೂ ಕಡೆಯಿಂದ ಬೈಗುಳ. ಕೊನೆಗೆ ವಿಚಾರಣೆ ಪೂರ್ತಿಯಾಗಲಿಲ್ಲ. ಹೆಚ್ಚಿನವರನ್ನು ಅವರನ್ನು ಹಿಡಿದಿದ್ದ ಕಡೆಗೇ ಮರಳಿಸಬೇಕಾಯಿತು. ಎರಡೂ ಕಡೆ ಬೇಡ ಅಂದ ಎಂಬತ್ತಕ್ಕೂ ಹೆಚ್ಚು ಜನ ಭಾರತದ ಪಡೆಯ ಜೊತೆ ಹಡಗು ಹತ್ತಿ ಮದ್ರಾಸಿಗೆ ಬಂದರು.

ಸೆರೆ ಸಿಕ್ಕ ಸೈನಿಕ ಪಕ್ಷ ಬದಲಿಸಿದರೆ ಅದು ದ್ರೋಹವೋ ಆಯ್ಕೆಯೋ? ಈ ಪ್ರಶ್ನೆಗೆ ತೀರ್ಪು ಹೇಳುವ ಕುರ್ಚಿಯಲ್ಲಿ ಕೂತಿದ್ದವರ ಸ್ವಂತ ಅಣ್ಣ ಹನ್ನೊಂದು ವರ್ಷದ ಹಿಂದೆ ಅದೇ ಪ್ರಶ್ನೆಯನ್ನು ದಾಟಿ ಹೋಗಿದ್ದರು. ಅದಕ್ಕೇ ಇರಬೇಕು, ಒಬ್ಬೊಬ್ಬ ಕೈದಿಗೂ ತಾನೇ ಹೇಳುವ ಅವಕಾಶ ಸಿಗಬೇಕು, ಬಲವಂತ ಬೇಡ ಅನ್ನುವುದರಲ್ಲಿ ಅವರು ಅಷ್ಟು ಗಟ್ಟಿಯಾಗಿ ನಿಂತದ್ದು. ಇದು ನನ್ನ ಊಹೆ, ಅಷ್ಟೇ. ಆದರೆ ಪೊನ್ನಪ್ಪನವರನ್ನು ಪಕ್ಕಕ್ಕಿಟ್ಟು ಕೊರಿಯಾದ ತಿಮ್ಮಯ್ಯನವರನ್ನು ಅರ್ಥ ಮಾಡಿಕೊಳ್ಳುವುದು ನನ್ನಿಂದ ಆಗಿಲ್ಲ. 1954ರಲ್ಲಿ ಅವರಿಗೆ ಪದ್ಮಭೂಷಣ ಬಂತು.

1957ರ ಮೇ ತಿಂಗಳಲ್ಲಿ ಸೇನಾ ಮುಖ್ಯಸ್ಥರಾದರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಬಡ್ತಿಗಳಲ್ಲಿ ಮಂತ್ರಿಯ ಕೈವಾಡ, ಚೀನಾ ಗಡಿಯ ಸಿದ್ಧತೆಯಲ್ಲಿ ಭಿನ್ನಾಭಿಪ್ರಾಯ, 1959ರ ಆಗಸ್ಟ್ 31ರ ರಾಜೀನಾಮೆ. ಪ್ರಧಾನಿ ಜವಾಹರಲಾಲ್ ನೆಹರೂ ಒತ್ತಾಯಿಸಿ ಅದನ್ನು ಹಿಂದಕ್ಕೆ ತೆಗೆಸಿದರು. ಆಮೇಲೆ ಸಂಸತ್ತಿನಲ್ಲಿ ಎದ್ದು ನಿಂತು ಮಂತ್ರಿಯ ಪರವಾಗಿಯೇ ಮಾತಾಡಿದರು. ರಾಜೀನಾಮೆ ವಾಪಸ್ ಪಡೆದದ್ದು ತಪ್ಪು ಅಂತ ಇವತ್ತಿಗೂ ವಾದಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪಕ್ಕದ ದೇಶಗಳಲ್ಲಿ ಜನರಲ್‌ಗಳು ಸರ್ಕಾರ ಉರುಳಿಸುತ್ತಿದ್ದ ಕಾಲ ಅದು. ಪ್ರಧಾನಿ ಕೇಳಿದ ಮೇಲೆ ತಲೆಬಾಗಿದ್ದರಿಂದ ಅವರಿಗೆ ನಷ್ಟವಾಯಿತು, ದೇಶಕ್ಕಲ್ಲ. ದೇಶಕ್ಕೆ ನಷ್ಟವಾದದ್ದು ಅವರ ಮಾತು ಕೇಳದೆ ಹೋದದ್ದರಿಂದ. 1961ರ ಮೇನಲ್ಲಿ ನಿವೃತ್ತರಾಗಿ ಕೊಡಗಿಗೆ, ಕಾಫಿ ತೋಟಕ್ಕೆ ಮರಳಿದರು. ಮರುವರ್ಷ ಅಕ್ಟೋಬರಿನಲ್ಲಿ ಚೀನಾ ನುಗ್ಗಿತು.

ತೋಟದಲ್ಲಿ ಜಾಸ್ತಿ ದಿನ ಕೂರಲು ಆಗಲಿಲ್ಲ. 1964ರ ಜುಲೈನಲ್ಲಿ ವಿಶ್ವಸಂಸ್ಥೆ ಅವರನ್ನು ಸೈಪ್ರಸ್‌ನ ಶಾಂತಿಪಡೆಗೆ ಕರೆಯಿತು. ಅಲ್ಲಿ ಅವರಿಗಿಂತ ಮುಂಚೆ ಇದ್ದವರೂ ಭಾರತದವರೇ, ಜನರಲ್ ಜ್ಞಾನಿ. ಗ್ರೀಕ್ ಸೈಪ್ರಿಯಟ್ಟರು, ಟರ್ಕಿ ಸೈಪ್ರಿಯಟ್ಟರು ಒಂದೇ ಬೀದಿಯ ಎರಡು ಬದಿಯಲ್ಲಿ ಮರಳುಮೂಟೆ ಕಟ್ಟಿಕೊಂಡು ಕೂತಿದ್ದರು. ಮತ್ತೆ ಇಬ್ಬರ ನಡುವೆ ನಿಲ್ಲುವ ಕೆಲಸ. 1965ರ ಡಿಸೆಂಬರ್ 18ರಂದು ಅಲ್ಲೇ ಹೃದಯಾಘಾತವಾಯಿತು. ವಯಸ್ಸು 59. ದೇಹವನ್ನು ಬೆಂಗಳೂರಿಗೆ ತಂದರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಬೆಂಗಳೂರು ತನ್ನ ರಿಚ್ಮಂಡ್ ರಸ್ತೆಗೆ ಅವರ ಹೆಸರಿಟ್ಟಿತು. ಬೋರ್ಡಿನಲ್ಲಿ ಹೆಸರು ಏನೇ ಇರಲಿ, ಜನ ಮಾತ್ರ ಇನ್ನೂ ರಿಚ್ಮಂಡ್ ರೋಡ್ ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಇನ್ನು ಸನ್ನಿಸೈಡ್. ಸುಬ್ಬಯ್ಯ ಸೀತಮ್ಮನವರ ಆ ಮನೆ ಬಹಳ ವರ್ಷ ಆರ್‌ಟಿಒ ಕಚೇರಿಯಾಗಿತ್ತು. ಮೂವರು ಸೈನಿಕರು ಬೆಳೆದ ಕೋಣೆಗಳಲ್ಲಿ ಜನ ಡ್ರೈವಿಂಗ್ ಲೈಸೆನ್ಸಿಗೆ ಸಾಲು ನಿಂತರು. ಕೊಡಗಿನವರು ಹಿಂದೆ ಬಿದ್ದು ಓಡಾಡಿದ ಮೇಲೆ ಅದು ಮ್ಯೂಸಿಯಂ ಆಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದರು. ಮಡಿಕೇರಿಗೆ ಹೋಗುವವರು ರಾಜಾಸೀಟು, ಅಬ್ಬಿ ಜಲಪಾತದ ನಡುವೆ ಇದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ. ಮಕ್ಕಳು ಅಂಗಳದ ಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿರಲಿ. ನೀವು ಒಳಗೆ ಹೋಗಿ, ಜನರಲ್ ಸಾಹೇಬರ ಕಥೆ ಕೇಳಿ ಮುಗಿದ ಮೇಲೆ, ಅಲ್ಲಿರುವವರನ್ನು ಪೊನ್ನಪ್ಪನವರ ಬಗ್ಗೆಯೂ ಒಂದು ಮಾತು ಕೇಳಿ. ಸೋಮಯ್ಯನವರ ಬಗ್ಗೆಯೂ.